ರಸ್ತೆ ಅಗೆದ ಲೆಕ್ಕ ಎಲ್ಲಿ ಸಿಗುತ್ತದೆ? ಸರ್ಕಾರದ ಮಾಹಿತಿಯನ್ನು ಅಂತರ್ಜಾಲದಲ್ಲಿ ಹುಡುಕುವ ಬಗೆ

2025ರ ಸೆಪ್ಟೆಂಬರ್ 2ರಂದು ಬೆಂಗಳೂರಿನ ಒಂದು ಪಾಲಿಕೆ ಐದಾಯಿತು. ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ (ಬಿಬಿಎಂಪಿ) ಹೋಗಿ ಕೇಂದ್ರ, ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ ನಗರ ಪಾಲಿಕೆಗಳು ಬಂದವು. ಅವುಗಳ ಮೇಲೆ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಕುಳಿತಿತು. ಅದಕ್ಕೆ ಸುಮಾರು ಒಂದು ವರ್ಷ ಮೊದಲು, 2024ರ ಅಕ್ಟೋಬರ್‌ನಲ್ಲಿ, ನಗರದ 20 ಲಕ್ಷಕ್ಕೂ ಹೆಚ್ಚು ಆಸ್ತಿಗಳ ಕರಡು ಇ-ಖಾತಾ ಅಂತರ್ಜಾಲಕ್ಕೆ ಬಂದಿತ್ತು. ಸರ್ಕಾರಿ ಜಾಲತಾಣವನ್ನು ಜೀವಮಾನದಲ್ಲಿ ತೆರೆದು ನೋಡದವರೂ ತಮ್ಮ ಮನೆಯ ದಾಖಲೆಯಲ್ಲಿ ಹೆಸರು ಸರಿಯಾಗಿದೆಯೇ ಎಂದು ಮೊಬೈಲ್ ಹಿಡಿದು ಹುಡುಕುವಂತಾಯಿತು.

ಪಾಲಿಕೆ ಒಡೆದಾಗ ಕಚೇರಿಯ ಫಲಕ ಬದಲಾಗಲು ಒಂದು ದಿನ ಸಾಕು. ಕಡತ ಎಲ್ಲಿಗೆ ಹೋಯಿತು ಎಂಬುದು ಅಷ್ಟು ಬೇಗ ತಿಳಿಯುವುದಿಲ್ಲ. ಮನೆ ಮುಂದಿನ ರಸ್ತೆಯನ್ನು ಅಗೆದು ಬಿಟ್ಟಿದ್ದಾರೆ. ಹಳೆಯ ಪಾಲಿಕೆ ಮಂಜೂರು ಮಾಡಿದ ಆ ಕಾಮಗಾರಿಯ ಲೆಕ್ಕವನ್ನು ಈಗ ಯಾರ ಬಳಿ ಕೇಳಬೇಕು? ಕೇಳುವ ಹಕ್ಕು ನಮಗಿದೆಯೇ? ಕೇಳದೆಯೇ ಸಿಗುವ ದಾರಿ ಇದೆಯೇ? ಬಡಾವಣೆಯ ನಿವಾಸಿಗಳ ಸಂಘದ ಸಭೆಗಳಲ್ಲಿ ಈ ಪ್ರಶ್ನೆಗಳು ಮತ್ತೆ ಮತ್ತೆ ಏಳುತ್ತಿವೆ. ಉತ್ತರಗಳು ಕಾನೂನಿನಲ್ಲಿವೆ. ಅವುಗಳಲ್ಲಿ ದೊಡ್ಡ ಪಾಲು ಅಂತರ್ಜಾಲದಲ್ಲೂ ಇದೆ. ಎಲ್ಲಿದೆ, ಯಾವ ರೂಪದಲ್ಲಿದೆ, ಇಲ್ಲದಿದ್ದರೆ ಪಡೆಯುವುದು ಹೇಗೆ ಎಂಬುದನ್ನು ಬುಡದಿಂದ ನೋಡೋಣ.

ಮಾಹಿತಿ ಎಂದರೆ ಕಡತದಲ್ಲಿರುವುದು

ಮಾಹಿತಿ ಹಕ್ಕು ಕಾಯ್ದೆ 2005ರ ಅಕ್ಟೋಬರ್ 12ರಂದು ದೇಶದಾದ್ಯಂತ ಪೂರ್ಣವಾಗಿ ಜಾರಿಗೆ ಬಂತು. ಕರ್ನಾಟಕ ಅದಕ್ಕೂ ಮುಂಚೆ, 2000ದಲ್ಲೇ, ತನ್ನದೇ ಮಾಹಿತಿ ಹಕ್ಕು ಕಾಯ್ದೆ ಮಾಡಿಕೊಂಡಿತ್ತು. ಇನ್ನೂ ಹಿಂದಕ್ಕೆ ಹೋದರೆ, ಸಾರ್ವಜನಿಕ ಅಧಿಕಾರಿಗಳು ಸಾರ್ವಜನಿಕವಾಗಿ ಮಾಡುವ ಪ್ರತಿಯೊಂದು ಕೆಲಸವನ್ನೂ ತಿಳಿಯುವ ಹಕ್ಕು ಜನರಿಗಿದೆ ಎಂದು ಸುಪ್ರೀಂ ಕೋರ್ಟ್ 1975ರಲ್ಲಿ ರಾಜ್ ನಾರಾಯಣ್ ಪ್ರಕರಣದಲ್ಲಿ ಹೇಳಿತ್ತು. ಅಲ್ಲಿಂದ ಕಾಯ್ದೆಯವರೆಗೆ 30 ವರ್ಷ ಹಿಡಿಯಿತು.

ಕಾಯ್ದೆಯ ಪ್ರಕಾರ ಮಾಹಿತಿ ಎಂದರೆ ಯಾವುದೇ ರೂಪದಲ್ಲಿರುವ ದಾಖಲೆ. ಆದೇಶ, ಸುತ್ತೋಲೆ, ಇ-ಮೇಲ್, ಒಪ್ಪಂದ, ವಾಹನದ ಲಾಗ್‌ಬುಕ್, ವರದಿ, ಕಂಪ್ಯೂಟರ್‌ನಲ್ಲಿರುವ ದತ್ತಾಂಶ ಎಲ್ಲವೂ ಸೇರುತ್ತವೆ. ಅಭಿಪ್ರಾಯವೂ ಸೇರುತ್ತದೆ, ಅದು ಕಡತದಲ್ಲಿ ಬರೆದಿದ್ದರೆ. ಅಂದರೆ ಒಬ್ಬ ಎಂಜಿನಿಯರ್ ಟಿಪ್ಪಣಿ ಹಾಳೆಯಲ್ಲಿ ‘ಈ ದರ ಹೆಚ್ಚಾಗಿದೆ’ ಎಂದು ಬರೆದಿದ್ದರೆ ಆ ಹಾಳೆಯ ನಕಲನ್ನು ಕೇಳಬಹುದು. ರಸ್ತೆಗೆ ಹಾಕಿದ ಸಾಮಗ್ರಿಯ ಮಾದರಿಯನ್ನು ಪಡೆಯುವ, ನಡೆಯುತ್ತಿರುವ ಕಾಮಗಾರಿಯನ್ನು ಹೋಗಿ ಪರಿಶೀಲಿಸುವ ಹಕ್ಕೂ ಇದೇ ಕಾಯ್ದೆಯಲ್ಲಿದೆ. ಇದು ಬಹಳ ಮಂದಿಗೆ ಗೊತ್ತಿಲ್ಲ.

ಆದರೆ ಕಡತದಲ್ಲಿ ಇಲ್ಲದ್ದನ್ನು ಹೊಸದಾಗಿ ತಯಾರಿಸಿ ಕೊಡುವ ಹೊಣೆ ಅಧಿಕಾರಿಗೆ ಇಲ್ಲ. 2011ರ ತೀರ್ಪೊಂದರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟಪಡಿಸಿತು. ಆದ್ದರಿಂದ ‘ನಮ್ಮ ರಸ್ತೆಯನ್ನು ಏಕೆ ಇಷ್ಟು ಕಳಪೆಯಾಗಿ ಮಾಡಿದಿರಿ’ ಎಂಬ ಪ್ರಶ್ನೆಗೆ ಮಾಹಿತಿ ಹಕ್ಕಿನಲ್ಲಿ ಉತ್ತರ ಬರುವುದಿಲ್ಲ. ‘ಗುಣಮಟ್ಟ ಪರೀಕ್ಷೆಯ ವರದಿಯ ನಕಲು ಕೊಡಿ’ ಎಂದರೆ ಬರುತ್ತದೆ. ಸಿಟ್ಟಿನಲ್ಲಿ ಅರ್ಜಿ ಬರೆಯುವವರು ಮೊದಲ ರೂಪದಲ್ಲೇ ಕೇಳುತ್ತಾರೆ, ‘ಇದು ಮಾಹಿತಿಯ ವ್ಯಾಖ್ಯೆಗೆ ಒಳಪಡುವುದಿಲ್ಲ’ ಎಂಬ ಹಿಂಬರಹ ಪಡೆದು ಸುಮ್ಮನಾಗುತ್ತಾರೆ.

ಕೇಳುವ ಮೊದಲೇ ಕೊಡಬೇಕಾದದ್ದು

ಮಾಹಿತಿ ಹಕ್ಕು ಎಂದೊಡನೆ ಅರ್ಜಿ, ಹತ್ತು ರೂಪಾಯಿ, ಮೂವತ್ತು ದಿನ ಎಂದು ನೆನಪಾಗುತ್ತದೆ. ಕಾಯ್ದೆಯಲ್ಲಿ ಅರ್ಜಿಗಿಂತ ಮೊದಲು ಬರುವುದು ಸೆಕ್ಷನ್ 4. ಅದು ಹೇಳುವುದು ಇಷ್ಟು: ಜನ ಕೇಳುವವರೆಗೆ ಕಾಯಬೇಡಿ, ನೀವಾಗಿಯೇ ಪ್ರಕಟಿಸಿ, ಅಂತರ್ಜಾಲವೂ ಸೇರಿದಂತೆ ಎಲ್ಲ ಮಾಧ್ಯಮಗಳಲ್ಲಿ ಎಷ್ಟು ಕೊಡಬೇಕೆಂದರೆ, ಈ ಕಾಯ್ದೆಯಡಿ ಅರ್ಜಿ ಹಾಕುವ ಅಗತ್ಯವೇ ಜನರಿಗೆ ಆದಷ್ಟು ಕಡಿಮೆಯಾಗಬೇಕು. ಸ್ಥಳೀಯ ಭಾಷೆಯನ್ನು ಗಮನದಲ್ಲಿಟ್ಟುಕೊಂಡು ಕೊಡಬೇಕು ಎಂದೂ ಇದೆ.

ನ್ಯಾಯಬೆಲೆ ಅಂಗಡಿಯ ಮುಂದಿನ ಕಪ್ಪು ಹಲಗೆಯನ್ನು ನೆನಪಿಸಿಕೊಳ್ಳಿ. ಅಕ್ಕಿ ಎಷ್ಟು ಬಂದಿದೆ, ತಲೆಗೆ ಎಷ್ಟು, ಅಂಗಡಿ ಯಾವ ಹೊತ್ತಿಗೆ ತೆರೆದಿರುತ್ತದೆ ಎಂದು ಅದರಲ್ಲಿ ಬರೆದಿರಬೇಕು. ಬರೆದಿದ್ದರೆ ಸಾಲಿನಲ್ಲಿ ನಿಂತ ಅಜ್ಜಿಯೂ ಅಂಗಡಿಯವರ ಮರ್ಜಿ ಕಾಯದೆ ಲೆಕ್ಕ ಹಾಕಿಕೊಳ್ಳಬಲ್ಲರು. ಹಲಗೆ ಖಾಲಿಯಿದ್ದರೆ ಪ್ರತಿಯೊಬ್ಬರೂ ಒಳಗೆ ಹೋಗಿ ಕೇಳಬೇಕು, ಉತ್ತರ ಕೇಳಿದವರ ಮುಖ ನೋಡಿ ಬದಲಾಗಬಹುದು. ಸೆಕ್ಷನ್ 4 ಎಂಬುದು ಸರ್ಕಾರಿ ಕಚೇರಿಯ ಆ ಹಲಗೆ.

ಏನೇನು ಬರೆಯಬೇಕು ಎಂಬುದಕ್ಕೆ ಕಾಯ್ದೆಯಲ್ಲೇ 17 ಅಂಶಗಳ ಪಟ್ಟಿ ಇದೆ. ಕಚೇರಿಯ ಕೆಲಸ, ಅಧಿಕಾರಿಗಳ ಅಧಿಕಾರ ವ್ಯಾಪ್ತಿ, ಅವರ ಮಾಸಿಕ ವೇತನ, ಪ್ರತಿ ವಿಭಾಗಕ್ಕೆ ಹಂಚಿದ ಬಜೆಟ್ ಮತ್ತು ಖರ್ಚಿನ ವರದಿ, ಸಹಾಯಧನ ಯೋಜನೆಗಳ ಫಲಾನುಭವಿಗಳ ವಿವರ, ಪರವಾನಗಿ ಪಡೆದವರ ವಿವರ, ಸಾರ್ವಜನಿಕ ಮಾಹಿತಿ ಅಧಿಕಾರಿಯ ಹೆಸರು ಎಲ್ಲವೂ ಅದರಲ್ಲಿವೆ. ಕರ್ನಾಟಕದ ಇಲಾಖೆಗಳ ಜಾಲತಾಣಗಳಲ್ಲಿ ‘4(1)(ಎ)’ ಮತ್ತು ‘4(1)(ಬಿ)’ ಎಂಬ ಹೆಸರಿನ ಕೊಂಡಿಗಳು ಇರುವುದನ್ನು ನೀವು ನೋಡಿರಬಹುದು. ಅರ್ಥವಾಗದ ಅಂಕಿಯೆಂದು ದಾಟಿ ಹೋಗಬೇಡಿ. 4(1)(ಎ) ಎಂದರೆ ಆ ಕಚೇರಿಯಲ್ಲಿರುವ ಕಡತಗಳ ಪಟ್ಟಿ. 4(1)(ಬಿ) ಎಂದರೆ ಮೇಲೆ ಹೇಳಿದ 17 ಅಂಶಗಳು. ಕಡತದ ಸಂಖ್ಯೆ ಸಹಿತ ಮಾಹಿತಿ ಕೇಳಬೇಕಾದರೆ 4(1)(ಎ) ಪಟ್ಟಿಯಷ್ಟು ಉಪಯೋಗಕ್ಕೆ ಬರುವುದು ಬೇರೊಂದಿಲ್ಲ.

ಕಾಯ್ದೆ ಬಂದ 120 ದಿನಗಳಲ್ಲಿ ಇದೆಲ್ಲ ಪ್ರಕಟವಾಗಬೇಕಿತ್ತು, ಆಮೇಲೆ ಪ್ರತಿ ವರ್ಷ ಹೊಸದಾಗಬೇಕಿತ್ತು. ಹಾಗೆ ಆಗಿಲ್ಲವೆಂಬ ದೂರು ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. 2023ರ ಆಗಸ್ಟ್‌ನಲ್ಲಿ ಕಿಶನ್ ಚಂದ್ ಜೈನ್ ಪ್ರಕರಣದಲ್ಲಿ ನ್ಯಾಯಾಲಯ, ಸೆಕ್ಷನ್ 4ರ ಪಾಲನೆಯ ಮೇಲೆ ಕೇಂದ್ರ ಮತ್ತು ರಾಜ್ಯ ಮಾಹಿತಿ ಆಯೋಗಗಳು ನಿರಂತರ ನಿಗಾ ಇಡಬೇಕು ಎಂದು ನಿರ್ದೇಶಿಸಿತು.

ಬೆಂಗಳೂರಿನಲ್ಲಿ ಯಾವುದು ಎಲ್ಲಿದೆ

ಹೆಚ್ಚು ಜನ ಹುಡುಕುವುದು ಜಮೀನು ಮತ್ತು ಮನೆಯ ದಾಖಲೆಗಳನ್ನು. ಗೊಂದಲವೂ ಅಲ್ಲೇ ಹೆಚ್ಚು, ಏಕೆಂದರೆ ಒಂದೇ ಆಸ್ತಿಯ ಕುರಿತು ಬೇರೆ ಬೇರೆ ಇಲಾಖೆಗಳು ಬೇರೆ ಬೇರೆ ಸಂಗತಿ ಹೇಳುತ್ತವೆ. ಕೃಷಿ ಜಮೀನಿನ ಪಹಣಿ ಕಂದಾಯ ಇಲಾಖೆಯ ‘ಭೂಮಿ’ ತಾಣದಲ್ಲಿ ಸಿಗುತ್ತದೆ. ಸರ್ವೆ ನಂಬರ್ ಗೊತ್ತಿದ್ದರೆ ಯಾರು ಬೇಕಾದರೂ ನೋಡಬಹುದು. ಆಸ್ತಿಯ ಮೇಲೆ ನೋಂದಣಿಯಾದ ಮಾರಾಟ, ಅಡಮಾನ ಮುಂತಾದ ವ್ಯವಹಾರಗಳು ಋಣಭಾರ ಪ್ರಮಾಣಪತ್ರದಲ್ಲಿ, ಅಂದರೆ ಎಲ್ಲರೂ ಇ.ಸಿ. ಎಂದು ಕರೆಯುವ ಕಾಗದದಲ್ಲಿ ಕಾಣುತ್ತವೆ. ಅದು ನೋಂದಣಿ ಇಲಾಖೆಯ ‘ಕಾವೇರಿ’ ತಾಣದಲ್ಲಿದೆ. ಸಾಮಾನ್ಯವಾಗಿ 2004ರ ಏಪ್ರಿಲ್‌ನಿಂದ ಈಚಿನ ವ್ಯವಹಾರಗಳು ಅಲ್ಲಿ ಸಿಗುತ್ತವೆ. ಅದಕ್ಕೂ ಹಿಂದಿನವುಗಳಿಗೆ ಉಪನೋಂದಣಾಧಿಕಾರಿ ಕಚೇರಿಯ ಹಳೆಯ ಪುಸ್ತಕಗಳನ್ನು ಹುಡುಕಿಸಬೇಕಾಗುತ್ತದೆ.

ನಗರದೊಳಗಿನ ಮನೆ, ನಿವೇಶನಗಳ ಖಾತಾ ಪಾಲಿಕೆಯದು. ಖಾತಾ ಎಂಬುದು ಆಸ್ತಿ ತೆರಿಗೆ ಯಾರು ಕಟ್ಟಬೇಕು ಎಂದು ತೋರಿಸುವ ದಾಖಲೆ. ಒಡೆತನವನ್ನು ಸಾಬೀತುಪಡಿಸುವುದು ನೋಂದಾಯಿತ ಕ್ರಯಪತ್ರ ಮುಂತಾದ ಹಕ್ಕುಪತ್ರಗಳು. ಇ-ಖಾತಾ ಬಂದ ಮೇಲೂ ಈ ವ್ಯತ್ಯಾಸ ಹಾಗೆಯೇ ಉಳಿದಿದೆ. ಹಾಗೆಯೇ ಇ.ಸಿ. ಶುಭ್ರವಾಗಿದೆ ಎಂದ ಮಾತ್ರಕ್ಕೆ ಆಸ್ತಿ ನಿರಾಳ ಎನ್ನಲಾಗದು: ನೋಂದಣಿಯಾಗದ ಕರಾರುಗಳು, ನ್ಯಾಯಾಲಯದಲ್ಲಿರುವ ವ್ಯಾಜ್ಯಗಳು ಅದರಲ್ಲಿ ಕಾಣದೆ ಇರಬಹುದು. ವ್ಯಾಜ್ಯ ಇದೆಯೇ ಎಂದು ನೋಡಲು ಇ-ಕೋರ್ಟ್ಸ್ ತಾಣವಿದೆ. ಪಕ್ಷಕಾರರ ಹೆಸರಿನಿಂದಲೋ, ಪ್ರತಿ ಪ್ರಕರಣಕ್ಕೂ ಕೊಡುವ 16 ಅಕ್ಷರ-ಅಂಕಿಗಳ ಸಿ.ಎನ್.ಆರ್. ಸಂಖ್ಯೆಯಿಂದಲೋ ಉಚಿತವಾಗಿ ಹುಡುಕಬಹುದು. ನಿಂತ ಜಾಗ ಯಾವ ಸರ್ವೆ ನಂಬರಿನದು, ಪಕ್ಕದಲ್ಲಿ ಕೆರೆ ಅಥವಾ ರಾಜಕಾಲುವೆ ಇದೆಯೇ ಎಂದು ತಿಳಿಯಲು ‘ದಿಶಾಂಕ್’ ಎಂಬ ಸರ್ಕಾರಿ ಆ್ಯಪ್ ಇದೆ. ನಿವೇಶನ ಕೊಳ್ಳುವ ಮುನ್ನ ಆ ಜಾಗದಲ್ಲಿ ನಿಂತು ಇದನ್ನೊಮ್ಮೆ ತೆರೆಯುವುದು ಒಳ್ಳೆಯ ಅಭ್ಯಾಸ; ಗಡಿಯ ಅಳತೆಗೆ ಮಾತ್ರ ಸರ್ವೆ ಇಲಾಖೆಯ ನಕ್ಷೆಯೇ ಆಧಾರ.

ಫ್ಲ್ಯಾಟ್ ಕೊಳ್ಳುವವರಿಗೆ ಕರ್ನಾಟಕ ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರದ ತಾಣ ದೊಡ್ಡ ಆಸರೆ. 2016ರ ರಿಯಲ್ ಎಸ್ಟೇಟ್ ಕಾಯ್ದೆಯ ಪ್ರಕಾರ ಜಮೀನು 500 ಚದರ ಮೀಟರ್ ಮೀರಿದರೆ ಅಥವಾ ಎಂಟಕ್ಕಿಂತ ಹೆಚ್ಚು ಮನೆಗಳಿದ್ದರೆ ಯೋಜನೆಯನ್ನು ನೋಂದಾಯಿಸಲೇಬೇಕು. ಮಂಜೂರಾದ ನಕ್ಷೆ, ಮುಗಿಸುವುದಾಗಿ ಹೇಳಿದ ದಿನಾಂಕ, ಎಷ್ಟು ಮನೆಗಳು ಮಾರಾಟವಾಗಿವೆ, ಯಾವ ಅನುಮತಿ ಬಾಕಿ ಇದೆ ಎಂಬ ವಿವರಗಳನ್ನು ಮೂರು ತಿಂಗಳಿಗೊಮ್ಮೆ ಹೊಸದಾಗಿಸಬೇಕು. ಬಣ್ಣದ ಕರಪತ್ರದಲ್ಲಿ ಕೊಟ್ಟ ದಿನಾಂಕ ಒಂದು, ರೇರಾದಲ್ಲಿ ಬರೆದ ದಿನಾಂಕ ಇನ್ನೊಂದು ಆಗಿದ್ದರೆ ಮುಂಗಡ ಕೊಡುವ ಮೊದಲೇ ಗೊತ್ತಾಗುತ್ತದೆ.

ಇನ್ನು ನಮ್ಮ ಅಗೆದ ರಸ್ತೆ. ಸರ್ಕಾರಿ ಕಾಮಗಾರಿಯ ಜಾಡು ಹಿಡಿಯಲು ಅದರ ಜೀವನಚರಿತ್ರೆ ಗೊತ್ತಿರಬೇಕು. ಮೊದಲು ಎಂಜಿನಿಯರ್ ಅಂದಾಜುಪಟ್ಟಿ ಮಾಡುತ್ತಾರೆ. ಅದಕ್ಕೆ ಮಂಜೂರಾತಿ ಸಿಕ್ಕ ಮೇಲೆ ಟೆಂಡರ್. ಕಡಿಮೆ ದರ ಕೂಗಿದ ಅರ್ಹ ಗುತ್ತಿಗೆದಾರನಿಗೆ ಕಾರ್ಯಾದೇಶ. ಕೆಲಸ ನಡೆದಂತೆ ಎಷ್ಟು ಉದ್ದ, ಎಷ್ಟು ದಪ್ಪ ಎಂದು ಅಳತೆ ಪುಸ್ತಕದಲ್ಲಿ, ಕಚೇರಿಯ ಮಾತಿನಲ್ಲಿ ಹೇಳುವುದಾದರೆ ಎಂ.ಬಿ.ಯಲ್ಲಿ, ಬರೆಯುತ್ತಾರೆ. ಅದರ ಆಧಾರದಲ್ಲಿ ಬಿಲ್ಲು, ಕೊನೆಗೆ ಪಾವತಿ. ಕೆಲಸ ಮುಗಿದ ಮೇಲೂ ಒಂದು ನಿಗದಿತ ಕಾಲದವರೆಗೆ ರಸ್ತೆ ಕಿತ್ತುಹೋದರೆ ಗುತ್ತಿಗೆದಾರನೇ ಸರಿಪಡಿಸಬೇಕು. ಇದು ದೋಷ ಹೊಣೆಗಾರಿಕೆ ಅವಧಿ, ಕರಾರಿನಲ್ಲೇ ಬರೆದಿರುತ್ತದೆ. ಹೊಸ ರಸ್ತೆ ಒಂದೇ ಮಳೆಗೆ ಗುಂಡಿ ಬಿದ್ದಾಗ ಪಾಲಿಕೆಯ ಹಣದಿಂದ ದುರಸ್ತಿ ಆಗಬೇಕೋ ಗುತ್ತಿಗೆದಾರನ ಹಣದಿಂದಲೋ ಎಂದು ತೀರ್ಮಾನಿಸುವುದು ಈ ಒಂದು ಸಾಲು.

ಇದರಲ್ಲಿ ಟೆಂಡರ್ ಹಂತ ಅಂತರ್ಜಾಲದಲ್ಲಿದೆ. 1999ರ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಕಾಯ್ದೆಯ ಅಡಿ ಕರೆಯುವ ಟೆಂಡರ್‌ಗಳನ್ನು ಕರ್ನಾಟಕ ಸಾರ್ವಜನಿಕ ಸಂಗ್ರಹಣೆ ಪೋರ್ಟಲ್‌ನಲ್ಲಿ ಹುಡುಕಬಹುದು. ಹಳೆಯವು ಅದಕ್ಕೂ ಹಿಂದಿದ್ದ ಇ-ಸಂಗ್ರಹಣೆ ತಾಣದಲ್ಲಿವೆ. ಹುಡುಕಿದರೂ ಸಿಗದಿದ್ದರೆ ಎರಡು ಕಾರಣ ಇರಬಹುದು: ಮೊತ್ತ ಸಣ್ಣದಿರಬಹುದು, ಅಥವಾ ಅದೇ ಕಾಯ್ದೆಯ ಸೆಕ್ಷನ್ 4(ಜಿ) ಕೊಡುವ ‘4ಜಿ ವಿನಾಯಿತಿ’ ಅಡಿ ಟೆಂಡರ್ ಇಲ್ಲದೆ ನೇರವಾಗಿ ಯಾವುದಾದರೂ ಸಂಸ್ಥೆಗೆ ಕೆಲಸ ವಹಿಸಿರಬಹುದು. ವಿನಾಯಿತಿ ಕೊಡಲು ಸರ್ಕಾರ ಅಧಿಸೂಚನೆ ಹೊರಡಿಸಬೇಕು. ಆ ಅಧಿಸೂಚನೆಯನ್ನೇ ಕೇಳಬಹುದು. ಬಿಬಿಎಂಪಿ ಕಾಲದ ಪ್ರತಿ ಕಾಮಗಾರಿಗೂ ವಾರ್ಡ್ ಸಂಖ್ಯೆ ಮತ್ತು ವರ್ಷವನ್ನು ಒಳಗೊಂಡ ಜಾಬ್ ಕೋಡ್ ಇತ್ತು. ಸ್ಥಳದಲ್ಲಿ ನೆಟ್ಟ ಫಲಕದಲ್ಲಿ ಆ ಸಂಖ್ಯೆ ಕಂಡರೆ ಬರೆದಿಟ್ಟುಕೊಳ್ಳಿ, ಉಳಿದೆಲ್ಲ ಕಡತಗಳ ಬೀಗದ ಕೈ ಅದು. ಅಂದಾಜುಪಟ್ಟಿ ಮತ್ತು ಅಳತೆ ಪುಸ್ತಕಗಳು ಸಾಮಾನ್ಯವಾಗಿ ಅರ್ಜಿ ಹಾಕಿದರೆ ಮಾತ್ರ ಸಿಗುವಂಥವು. ಹಣ ನಿಜವಾಗಿ ಎಲ್ಲಿ ಹೋಯಿತು ಎಂದು ಹೇಳುವ ದಾಖಲೆ ಅಳತೆ ಪುಸ್ತಕವೇ ಆದ್ದರಿಂದ, ಅದು ತಾನಾಗಿ ಪ್ರಕಟವಾಗದಿರುವುದು ದೊಡ್ಡ ಕೊರತೆ.

ಉಳಿದವನ್ನು ಬೇಗ ಹೇಳಿಬಿಡುತ್ತೇನೆ. ಅಧಿಸೂಚನೆಗಳು ಇ-ರಾಜ್ಯಪತ್ರದಲ್ಲಿ, ರಾಜ್ಯದ ಕಾಯ್ದೆಗಳು ಸಂಸದೀಯ ವ್ಯವಹಾರ ಮತ್ತು ಶಾಸನ ರಚನಾ ಇಲಾಖೆಯ ತಾಣದಲ್ಲಿ, ಬಜೆಟ್ ದಾಖಲೆಗಳು ಆರ್ಥಿಕ ಇಲಾಖೆಯಲ್ಲಿ, ಲೆಕ್ಕಪರಿಶೋಧನಾ ವರದಿಗಳು ಮಹಾಲೇಖಪಾಲರ (ಸಿಎಜಿ) ತಾಣದಲ್ಲಿ ಸಿಗುತ್ತವೆ. ಹಲವು ಇಲಾಖೆಗಳ ಯೋಜನೆ ಮತ್ತು ಫಲಾನುಭವಿಗಳ ವಿವರಗಳನ್ನು ಕನ್ನಡದಲ್ಲೇ ಒಂದೆಡೆ ಕೂಡಿಸಿದ ‘ಮಾಹಿತಿ ಕಣಜ’ವೂ ಇದೆ, ನಗರದವರಿಗಿಂತ ಊರಿನಲ್ಲಿರುವ ತಂದೆತಾಯಿಯ ಪಡಿತರ, ಪಿಂಚಣಿ ವಿವರ ನೋಡುವವರಿಗೆ ಅದು ಹೆಚ್ಚು ಉಪಯುಕ್ತ.

ಇದ್ದೂ ಸಿಗದಂತಿರುವುದು

ದಾಖಲೆ ಅಂತರ್ಜಾಲಕ್ಕೆ ಏರಿದೆ ಎಂದ ಮಾತ್ರಕ್ಕೆ ಅದು ಓದುಗರ ಕೈಗೆ ಬಂದಂತಲ್ಲ. ಕನ್ನಡದ ದಾಖಲೆಗಳಲ್ಲಿ ಈ ತೊಂದರೆ ಇಂಗ್ಲಿಷಿಗಿಂತ ಹೆಚ್ಚು.

ಕಂಪ್ಯೂಟರ್ ಅಕ್ಷರಗಳನ್ನು ಅಂಕಿಗಳಾಗಿ ಇಟ್ಟುಕೊಳ್ಳುತ್ತದೆ. ಯಾವ ಅಂಕಿಗೆ ಯಾವ ಅಕ್ಷರ ಎಂದು ಜಗತ್ತಿಗೆಲ್ಲ ಒಂದೇ ಪಟ್ಟಿ ಮಾಡಿರುವುದು ಯುನಿಕೋಡ್. ಅದು ಬಳಕೆಗೆ ಬರುವ ಮುಂಚಿನ ಕನ್ನಡ ಅಕ್ಷರಶೈಲಿಗಳು ಬೇರೆ ಉಪಾಯ ಮಾಡಿದ್ದವು: ಒಳಗೆ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಅಂಕಿಗಳನ್ನೇ ಇಟ್ಟು, ಪರದೆಯ ಮೇಲೆ ಕನ್ನಡದ ಆಕಾರ ತೋರಿಸುತ್ತಿದ್ದವು. ನುಡಿ, ಬರಹ ತಂತ್ರಾಂಶಗಳ ಹಳೆಯ ಅಕ್ಷರಶೈಲಿಗಳಲ್ಲಿ ಬೆರಳಚ್ಚಾದ ಆದೇಶಗಳು ಕಣ್ಣಿಗೆ ಅಚ್ಚುಕಟ್ಟಾದ ಕನ್ನಡ, ಕಂಪ್ಯೂಟರಿಗೆ ಅರ್ಥವಿಲ್ಲದ ಚಿಹ್ನೆಗಳ ರಾಶಿ. ಅವುಗಳಲ್ಲಿ ‘ರಾಜಕಾಲುವೆ’ ಎಂದು ಹುಡುಕಿದರೆ ಸಿಗದು. ನಕಲು ಮಾಡಿ ಬೇರೆಡೆ ಅಂಟಿಸಿದರೆ ಕನ್ನಡ ಮಾಯವಾಗುತ್ತದೆ.

ಇನ್ನೊಂದು ಸ್ಕ್ಯಾನ್ ಮಾಡಿದ ಪಿಡಿಎಫ್. ಕಂಪ್ಯೂಟರ್‌ನಲ್ಲೇ ಬೆರಳಚ್ಚು ಮಾಡಿ, ಮುದ್ರಿಸಿ, ಸಹಿ ಹಾಕಿ, ಮತ್ತೆ ಸ್ಕ್ಯಾನ್ ಮಾಡಿ ಏರಿಸುವುದು ಕಚೇರಿಗಳ ರೂಢಿ. ಹೊರಬರುವುದು ಪುಟದ ಛಾಯಾಚಿತ್ರ, ಅದರೊಳಗೆ ಪದಗಳಿಲ್ಲ. ಗೂಗಲ್‌ನಂಥ ಹುಡುಕಾಟ ತಾಣಗಳು ಚಿತ್ರದಿಂದ ಅಕ್ಷರ ಗುರುತಿಸಲು ಯತ್ನಿಸುತ್ತವೆ, ಆದರೆ ಮಸುಕಾದ ಕನ್ನಡ ಪುಟದಲ್ಲಿ ಎಡವುತ್ತವೆ. ದೃಷ್ಟಿದೋಷವಿರುವವರು ಪರದೆ ಓದುವ ತಂತ್ರಾಂಶ ಬಳಸುತ್ತಾರೆ. ಅವರಿಗೆ ಈ ಕಡತ ಖಾಲಿ ಹಾಳೆ. ಅಂಗವಿಕಲರಿಗೂ ಮಾಹಿತಿ ಎಟುಕುವಂತಿರಬೇಕು ಎಂದು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹೇಳಿ ಇಷ್ಟು ವರ್ಷಗಳಾದರೂ ಈ ರೂಢಿ ಉಳಿದಿರುವುದು ನೋವಿನ ಸಂಗತಿ.

ಇಂಥ ಕಡೆ ಪದಗಳನ್ನು ಬಿಟ್ಟು ಸಂಖ್ಯೆಗಳಿಂದ ಹುಡುಕುವುದು ಜಾಣತನ. ಸರ್ವೆ ನಂಬರ್, ಆಸ್ತಿಯ ಗುರುತಿನ ಸಂಖ್ಯೆಯಾದ ಪಿಐಡಿ, ವಿದ್ಯುತ್ ಬಿಲ್ಲಿನ ಆರ್.ಆರ್. ಸಂಖ್ಯೆ, ಆದೇಶದ ಸಂಖ್ಯೆ ಮತ್ತು ದಿನಾಂಕಗಳಿಗೆ ಕಾಗುಣಿತದ ಕಾಟವಿಲ್ಲ. ಹೆಸರಿನಿಂದಲೇ ಹುಡುಕಬೇಕಾದರೆ ಇಂಗ್ಲಿಷ್ ಅಕ್ಷರಗಳಲ್ಲಿ ಆ ಹೆಸರನ್ನು ಬರೆಯಬಹುದಾದ ಎಲ್ಲ ಬಗೆಗಳನ್ನೂ ಒಂದೊಂದಾಗಿ ಕೊಟ್ಟು ನೋಡಬೇಕು.

ತಾಣಗಳ ವಿಳಾಸ ಬದಲಾಗುವುದು, ಹಳೆಯ ಕೊಂಡಿ ಸಾಯುವುದು ಮೂರನೆಯ ತೊಂದರೆ. ಪಾಲಿಕೆ ಒಡೆದ ಈ ಹೊತ್ತಿನಲ್ಲಿ ಇದನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು. ಹಳೆಯ ಪುಟದ ವಿಳಾಸ ನಿಮ್ಮಲ್ಲಿದ್ದರೆ ಇಂಟರ್ನೆಟ್ ಆರ್ಕೈವ್ ಸಂಸ್ಥೆಯ ವೇಬ್ಯಾಕ್ ಮಷೀನ್‌ನಲ್ಲಿ ಹಾಕಿ ನೋಡಿ, ಹಿಂದಿನ ಪ್ರತಿ ಸಿಗಬಹುದು. ಬೆಂಗಳೂರಿನ ಬಜೆಟ್, ವಾರ್ಡ್ ನಕ್ಷೆ ಮುಂತಾದವನ್ನು ನಾಗರಿಕರೇ ಸಂಗ್ರಹಿಸಿಟ್ಟ ‘ಓಪನ್‌ಸಿಟಿ’ ಎಂಬ ತಾಣವೂ ನೆರವಿಗೆ ಬರುತ್ತದೆ. ಮುಖ್ಯವಾದ ದಾಖಲೆ ಕಂಡ ಕೂಡಲೇ ಇಳಿಸಿಕೊಂಡು, ಎಲ್ಲಿಂದ ಮತ್ತು ಯಾವ ದಿನ ಇಳಿಸಿಕೊಂಡಿರಿ ಎಂದು ಬರೆದಿಡಿ. ಸರ್ಕಾರದ ಕೆಲವು ತಾಣಗಳು ವಿದೇಶದಿಂದ ತೆರೆಯುವುದಿಲ್ಲ. ಹೊರದೇಶದಲ್ಲಿರುವ ಮಕ್ಕಳಿಗೆ ಕೆಲಸ ಒಪ್ಪಿಸಿರುವ ಹಿರಿಯರು ಇದನ್ನು ನೆನಪಿಡಬೇಕು.

ಸಿಗದಿದ್ದರೆ ಕೇಳುವುದು

ಅಂತರ್ಜಾಲದಲ್ಲಿ ಹುಡುಕಿ ಸಿಗದ್ದಕ್ಕೆ ಅರ್ಜಿ. ರಾಜ್ಯ ಸರ್ಕಾರದ ಆರ್‌ಟಿಐ ಆನ್‌ಲೈನ್ ಪೋರ್ಟಲ್‌ನಲ್ಲಿ ಹತ್ತು ರೂಪಾಯಿ ಕಟ್ಟಿ ಮನೆಯಿಂದಲೇ ಸಲ್ಲಿಸಬಹುದು. ಅಲ್ಲಿನ ಪಟ್ಟಿಯಲ್ಲಿ ನಿಮಗೆ ಬೇಕಾದ ಕಚೇರಿ ಇಲ್ಲದಿದ್ದರೆ ಪೋಸ್ಟಲ್ ಆರ್ಡರ್ ಲಗತ್ತಿಸಿ ಅಂಚೆಯಲ್ಲಿ ಕಳುಹಿಸಬೇಕು. ಬಡತನ ರೇಖೆಗಿಂತ ಕೆಳಗಿನವರಿಗೆ ಅರ್ಜಿ ಶುಲ್ಕವಿಲ್ಲ. ಕೇಂದ್ರ ಸರ್ಕಾರದ ಪೋರ್ಟಲ್ ಬೇರೆ. ರಾಜ್ಯದ ವಿಷಯವನ್ನು ಅಲ್ಲಿ ಸಲ್ಲಿಸಿದರೆ ಅರ್ಜಿ ವಾಪಸಾಗುತ್ತದೆ, ಹಣ ವಾಪಸಾಗುವುದಿಲ್ಲ.

ಐದು ಪಾಲಿಕೆಗಳ ಗೊಂದಲಕ್ಕೆ ಕಾಯ್ದೆಯಲ್ಲೇ ಪರಿಹಾರವಿದೆ. ಅರ್ಜಿ ತಪ್ಪು ಪ್ರಾಧಿಕಾರಕ್ಕೆ ಹೋದರೆ ಅದನ್ನು ಐದು ದಿನಗಳೊಳಗೆ ಸರಿಯಾದಲ್ಲಿಗೆ ವರ್ಗಾಯಿಸಿ ನಿಮಗೆ ತಿಳಿಸಬೇಕು ಎನ್ನುತ್ತದೆ ಸೆಕ್ಷನ್ 6(3). ‘ಇದು ನಮ್ಮ ವ್ಯಾಪ್ತಿಯಲ್ಲ’ ಎಂದು ಅರ್ಜಿಯನ್ನು ಹಿಂದಿರುಗಿಸುವಂತಿಲ್ಲ. ಅರ್ಜಿಯ ಕೊನೆಗೆ ‘ಮಾಹಿತಿ ತಮ್ಮಲ್ಲಿ ಇಲ್ಲದಿದ್ದರೆ ಸೆಕ್ಷನ್ 6(3)ರಂತೆ ವರ್ಗಾಯಿಸಿ’ ಎಂಬ ಸಾಲನ್ನು ಸೇರಿಸಿಬಿಡಿ. ರಸ್ತೆ ಅಗೆದವರು ಪಾಲಿಕೆಯವರೇ ಆಗಿರಬೇಕೆಂದಿಲ್ಲ: ಜಲಮಂಡಳಿ, ಬೆಸ್ಕಾಂ ಪ್ರತ್ಯೇಕ ಸಾರ್ವಜನಿಕ ಪ್ರಾಧಿಕಾರಗಳು, ಅವಕ್ಕೆ ಬೇರೆ ಮಾಹಿತಿ ಅಧಿಕಾರಿಗಳಿದ್ದಾರೆ.

ಕರ್ನಾಟಕದ ನಿಯಮಗಳಲ್ಲಿ ಎರಡು ಕಟ್ಟುಪಾಡುಗಳಿವೆ. ಒಂದು ಅರ್ಜಿಗೆ ಒಂದೇ ವಿಷಯ. ಪದಗಳು 150ನ್ನು ಮೀರಬಾರದು. ಹಾಗಾಗಿ ಕಥೆ ಬರೆಯಲು ಜಾಗವಿಲ್ಲ. ಏಕೆ ಕೇಳುತ್ತಿದ್ದೀರಿ ಎಂದು ಹೇಳಬೇಕಾಗಿಯೂ ಇಲ್ಲ, ಅಧಿಕಾರಿ ಅದನ್ನು ಕೇಳುವಂತೆಯೂ ಇಲ್ಲ. ರಸ್ತೆಯ ಅರ್ಜಿ ಹೀಗಿದ್ದರೆ ಸಾಕು: ‘ಇಂಥ ಬಡಾವಣೆಯ ಇಂಥ ಅಡ್ಡರಸ್ತೆಯಲ್ಲಿ 2024–25ನೇ ಸಾಲಿನಲ್ಲಿ ಕೈಗೊಂಡ ಡಾಂಬರೀಕರಣ ಕಾಮಗಾರಿಯ ಅಂದಾಜುಪಟ್ಟಿ, ಕಾರ್ಯಾದೇಶ, ಕರಾರಿನಲ್ಲಿರುವ ದೋಷ ಹೊಣೆಗಾರಿಕೆ ಅವಧಿಯ ಪುಟ, ಅಳತೆ ಪುಸ್ತಕದ ಸಂಬಂಧಪಟ್ಟ ಪುಟಗಳು ಹಾಗೂ ಪಾವತಿಸಿದ ಬಿಲ್ಲುಗಳ ದೃಢೀಕೃತ ನಕಲುಗಳನ್ನು ಒದಗಿಸಿ.’ ನಕಲಿಗೆ ಪುಟಕ್ಕೆ ಎರಡು ರೂಪಾಯಿ. ಕಂಪ್ಯೂಟರ್‌ನಲ್ಲಿರುವ ಮಾಹಿತಿಯನ್ನು ಅದೇ ರೂಪದಲ್ಲಿ ಕೊಡಿ ಎಂದೂ ಕೇಳಬಹುದು; ಕೇಳಿದ ರೂಪದಲ್ಲೇ ಕೊಡುವುದು ಸಾಮಾನ್ಯ ನಿಯಮ.

ಉತ್ತರಕ್ಕೆ 30 ದಿನ. ವ್ಯಕ್ತಿಯ ಜೀವ ಅಥವಾ ಸ್ವಾತಂತ್ರ್ಯಕ್ಕೆ ಸಂಬಂಧಿಸಿದ್ದಾದರೆ 48 ಗಂಟೆ. ಗಡುವು ಮೀರಿದರೆ ಮಾಹಿತಿಯನ್ನು ಉಚಿತವಾಗಿ ಕೊಡಬೇಕು. ಉತ್ತರ ಬರದಿದ್ದರೆ ಅಥವಾ ತೃಪ್ತಿಯಾಗದಿದ್ದರೆ 30 ದಿನಗಳೊಳಗೆ ಅದೇ ಇಲಾಖೆಯ ಹಿರಿಯ ಅಧಿಕಾರಿಗೆ ಪ್ರಥಮ ಮೇಲ್ಮನವಿ. ಅದೂ ಫಲಿಸದಿದ್ದರೆ 90 ದಿನಗಳೊಳಗೆ ರಾಜ್ಯ ಮಾಹಿತಿ ಆಯೋಗಕ್ಕೆ ದ್ವಿತೀಯ ಮೇಲ್ಮನವಿ. ಆಯೋಗ ಇರುವುದು ವಿಧಾನಸೌಧದ ಸಮೀಪದ ದೇವರಾಜ ಅರಸು ರಸ್ತೆಯ ಮಾಹಿತಿ ಸೌಧದಲ್ಲಿ. ಸಕಾರಣವಿಲ್ಲದೆ ಮಾಹಿತಿ ತಡೆದ ಅಧಿಕಾರಿಗೆ ದಿನಕ್ಕೆ 250 ರೂಪಾಯಿಯಂತೆ ಗರಿಷ್ಠ 25,000 ರೂಪಾಯಿ ದಂಡ ವಿಧಿಸುವ ಅಧಿಕಾರ ಆಯೋಗಕ್ಕಿದೆ. ಮೊದಲ ನಿರಾಕರಣೆಗೆ ಕೈಚೆಲ್ಲುವವರು ಬಹಳ. ಮೇಲ್ಮನವಿ ಬರೆಯಲು ವಕೀಲರು ಬೇಕಿಲ್ಲ.

ಕೊಡದೆ ಇರಬಹುದಾದದ್ದು

ಸೆಕ್ಷನ್ 8 ಕೆಲವನ್ನು ಹೊರಗಿಡುತ್ತದೆ: ದೇಶದ ಭದ್ರತೆ, ತನಿಖೆಗೆ ಅಡ್ಡಿಯಾಗುವ ಮಾಹಿತಿ, ವ್ಯಾಪಾರ ರಹಸ್ಯ, ತೀರ್ಮಾನವಾಗದ ಸಚಿವ ಸಂಪುಟದ ಕಡತ ಇತ್ಯಾದಿ. ಒಂದು ಪುಟದಲ್ಲಿ ಕೊಡಲಾಗದ ಸಾಲಿದ್ದರೆ ಅದನ್ನು ಮಾತ್ರ ಮರೆಮಾಡಿ ಉಳಿದದ್ದನ್ನು ಕೊಡಬೇಕು ಎನ್ನುತ್ತದೆ ಸೆಕ್ಷನ್ 10.

ಈಗ ಚರ್ಚೆಯಲ್ಲಿರುವುದು ವೈಯಕ್ತಿಕ ಮಾಹಿತಿಯ ವಿನಾಯಿತಿ. ಮೊದಲಿದ್ದ ನಿಯಮದ ಪ್ರಕಾರ ಸಾರ್ವಜನಿಕ ಚಟುವಟಿಕೆಗೆ ಸಂಬಂಧವೇ ಇಲ್ಲದ, ಅಥವಾ ಖಾಸಗಿತನಕ್ಕೆ ಅನಗತ್ಯ ಧಕ್ಕೆ ತರುವ ಮಾಹಿತಿಯನ್ನು ನಿರಾಕರಿಸಬಹುದಿತ್ತು. ಶಾಸನಸಭೆಗೆ ಕೊಡಲೇಬೇಕಾದದ್ದನ್ನು ಪ್ರಜೆಗೂ ನಿರಾಕರಿಸುವಂತಿಲ್ಲ ಎಂಬ ಮಾತೂ ಇತ್ತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಈ ಷರತ್ತುಗಳನ್ನು ತೆಗೆದು, ವೈಯಕ್ತಿಕ ಮಾಹಿತಿ ಎಂಬಷ್ಟನ್ನೇ ಉಳಿಸಿತು. ಬದಲಾವಣೆ 2025ರ ನವೆಂಬರ್‌ನಲ್ಲಿ ಜಾರಿಗೆ ಬಂತು. ಫಲಾನುಭವಿಗಳ ಪಟ್ಟಿ, ಅಧಿಕಾರಿಗಳ ಹೆಸರು ಇವೆಲ್ಲ ಮುಚ್ಚಿಹೋಗಬಹುದು ಎಂಬುದು ಮಾಹಿತಿ ಹಕ್ಕು ಕಾರ್ಯಕರ್ತರ ಆತಂಕ. ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟ್ 2017ರಲ್ಲಿ ಸಾರಿದ ಮೇಲೆ ಇದು ಅಗತ್ಯ ಎಂಬುದು ಸರ್ಕಾರದ ನಿಲುವು. ಅರ್ಜಿದಾರರಿಗೆ ಉಳಿದಿರುವ ಆಧಾರ ಸೆಕ್ಷನ್ 8(2): ಬಹಿರಂಗಪಡಿಸುವುದರಲ್ಲಿರುವ ಸಾರ್ವಜನಿಕ ಹಿತ ಹಾನಿಗಿಂತ ಹೆಚ್ಚಿದ್ದರೆ ವಿನಾಯಿತಿ ಇದ್ದರೂ ಕೊಡಬಹುದು. ಹೆಸರುಗಳಿರುವ ದಾಖಲೆ ಕೇಳುವಾಗ ಅದರಲ್ಲಿರುವ ಸಾರ್ವಜನಿಕ ಹಿತವೇನೆಂದು ಒಂದು ಸಾಲಿನಲ್ಲಿ ಬರೆದರೆ ಮೇಲ್ಮನವಿಯಲ್ಲಿ ನೆರವಾಗುತ್ತದೆ.

ಸಿಕ್ಕಿದ್ದನ್ನು ಬಳಸುವುದು

ಸರ್ಕಾರದ ಪ್ರಕಟಣೆಗಳಿಗೆ ಭಾರತದಲ್ಲಿ ಕೃತಿಸ್ವಾಮ್ಯವಿದೆ, 60 ವರ್ಷಗಳ ಕಾಲ ಅದು ಸರ್ಕಾರದ್ದೇ. ಆದರೆ ರಾಜ್ಯಪತ್ರದಲ್ಲಿ ಬಂದ ವಿಷಯ, ಶಾಸನಸಭೆಯಲ್ಲಿ ಮಂಡಿಸಿದ ಸಮಿತಿ ವರದಿ, ನ್ಯಾಯಾಲಯದ ತೀರ್ಪು ಇವನ್ನು ಮರುಪ್ರಕಟಿಸುವುದಕ್ಕೆ ಕೃತಿಸ್ವಾಮ್ಯ ಕಾಯ್ದೆಯ ಸೆಕ್ಷನ್ 52 ಅವಕಾಶ ಕೊಟ್ಟಿದೆ. ಸಂಘದ ಸೂಚನಾ ಫಲಕದಲ್ಲಿ ಅಧಿಸೂಚನೆಯ ಪ್ರತಿ ಹಾಕಲು ಯಾರ ಅಪ್ಪಣೆಯೂ ಬೇಡ.

ಬ್ಯಾಂಕಿಗೋ ನ್ಯಾಯಾಲಯಕ್ಕೋ ಕೊಡುವಾಗ ಮಾತು ಬೇರೆ. ಪರದೆಯ ಮೇಲೆ ಕಂಡ ಪಹಣಿಯನ್ನು ಮುದ್ರಿಸಿಕೊಂಡರೆ ಅದು ನಿಮ್ಮ ತಿಳಿವಳಿಕೆಗೆ ಮಾತ್ರ. ಡಿಜಿಟಲ್ ಸಹಿ ಇರುವ, ಶುಲ್ಕ ಕಟ್ಟಿ ಪಡೆದ ಪ್ರತಿ ಬೇಕು. ಬೇರೆಯವರು ಅಂಥ ಪ್ರತಿ ತಂದುಕೊಟ್ಟರೆ ಸಹಿಯನ್ನೋ ಕ್ಯೂಆರ್ ಚಿಹ್ನೆಯನ್ನೋ ನೀವೇ ಪರಿಶೀಲಿಸಿ, ತೆರೆದುಕೊಂಡದ್ದು ಸರ್ಕಾರಿ ತಾಣದ ವಿಳಾಸವೇ ಎಂದು ನೋಡಿ. ನಕಲಿ ಪತ್ರಗಳಲ್ಲೂ ಕ್ಯೂಆರ್ ಮುದ್ರಿಸುವುದು ಕಷ್ಟವಲ್ಲ. ಕಚೇರಿಯಿಂದಲೇ ಪಡೆಯಬೇಕಾದ ಪ್ರಮಾಣಪತ್ರ, ನಿಗದಿತ ಕಾಲದೊಳಗೆ ಸೇವೆ ಕೊಡಬೇಕೆನ್ನುವ ‘ಸಕಾಲ’ ಕಾಯ್ದೆಯ ಪಟ್ಟಿಯಲ್ಲಿದ್ದರೆ ಅರ್ಜಿ ಕೊಟ್ಟೊಡನೆ 15 ಅಂಕಿಗಳ ಜಿ.ಎಸ್.ಸಿ. ಸಂಖ್ಯೆಯ ಸ್ವೀಕೃತಿ ಕೇಳಿ ಪಡೆಯಿರಿ. ಅರ್ಜಿ ಯಾರ ಮೇಜಿನಲ್ಲಿದೆ ಎಂದು ಆ ಸಂಖ್ಯೆಯಿಂದ ಅಂತರ್ಜಾಲದಲ್ಲೇ ತಿಳಿಯಬಹುದು. ಗಡುವು ಮೀರಿದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಪರಿಹಾರ ಕೇಳುವ ಹಕ್ಕು ನಿಮಗಿದೆ, ಆದರೆ ಸ್ವೀಕೃತಿ ಇಲ್ಲದೆ ಅದನ್ನು ಕೇಳಲಾಗದು.